ಮಗಳ ಶಾಲೆಯಲ್ಲಿ ‘ಸಿಆರ್‌ಟಿ’ ಕಲಿಸ್ತಾರಾ?

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ‘ಕ್ರಿಟಿಕಲ್ ರೇಸ್ ಥಿಯರಿ’ (ಸಿಆರ್‌ಟಿ, ಅಂದರೆ ಕಾನೂನು–ನಿಯಮಗಳಲ್ಲಿ ಜನಾಂಗಭೇದ ಹೇಗೆ ಅಡಗಿರುತ್ತದೆ ಅಂತ ನೋಡುವ ಚಿಂತನೆ) ಬಗ್ಗೆ ನಡೆಯುತ್ತಿರುವ ಜಗಳದ ಕುರಿತು ಅಲ್ಲಿರುವ ಕನ್ನಡಿಗರೂ ಇಲ್ಲಿರುವ ಅವರ ಮನೆಯವರೂ ಪ್ರಶ್ನೆ ಕಳಿಸಿದ್ದಾರೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಏಕೆಂದರೆ ಉಳಿದವಕ್ಕೂ ಅದೇ ಬುಡ.

ಪ್ರಶ್ನೆ: ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಇದ್ದೇವೆ. ಮಗಳು ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸ್. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ‘ಶಾಲೆಯಲ್ಲಿ ಸಿಆರ್‌ಟಿ ಕಲಿಸಿ ಮಕ್ಕಳ ತಲೆ ಕೆಡಿಸ್ತಿದ್ದಾರೆ, ಅರ್ಜಿಗೆ ಸಹಿ ಹಾಕಿ’ ಅಂತಾರೆ. ಇನ್ನೊಬ್ಬರು ‘ಅಂಥದ್ದು ಶಾಲೆಗಳಲ್ಲಿ ಇಲ್ಲವೇ ಇಲ್ಲ’ ಅಂತಾರೆ. ಯಾರನ್ನು ನಂಬಲಿ?

ಇಬ್ಬರೂ ಅರ್ಧ ಮಾತ್ರ ಹೇಳುತ್ತಿದ್ದಾರೆ. ಇಬ್ಬರೂ ಒಂದೇ ಹೆಸರು ಬಳಸುತ್ತಿದ್ದಾರೆ, ಆದರೆ ಬೇರೆ ಬೇರೆ ವಸ್ತುವನ್ನು ನೋಡುತ್ತಿದ್ದಾರೆ.

ಈ ಥಿಯರಿ ಹುಟ್ಟಿದ್ದು ಕಾನೂನು ಕಾಲೇಜುಗಳಲ್ಲಿ. ಡೆರಿಕ್ ಬೆಲ್ ಅನ್ನುವ ವಕೀಲರು 1960ರ ದಶಕದಲ್ಲಿ ಮಿಸಿಸಿಪ್ಪಿಯಲ್ಲಿ ಶಾಲೆಗಳ ಮೊಕದ್ದಮೆ ನಡೆಸುತ್ತಿದ್ದರು. ಬಿಳಿಯ ಮಕ್ಕಳಿಗೊಂದು, ಕಪ್ಪು ಮಕ್ಕಳಿಗೊಂದು ಶಾಲೆ ಇರಕೂಡದು ಅಂತ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ಆದರೂ ಶಾಲೆಗಳು ಬೇರೆಯಾಗಿಯೇ ಉಳಿದವು. ಮುಂದೆ ಬೆಲ್ ಹಾರ್ವರ್ಡ್ ಕಾನೂನು ಕಾಲೇಜಿನಲ್ಲಿ ಕಾಯಂ ಹುದ್ದೆ ಪಡೆದ ಮೊದಲ ಕಪ್ಪು ಪ್ರಾಧ್ಯಾಪಕರಾದರು. ಗೆದ್ದ ಕೇಸುಗಳಿಂದ ಮಕ್ಕಳಿಗೆ ಯಾಕೆ ಇಷ್ಟು ಕಡಿಮೆ ಸಿಕ್ಕಿತು? ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ಬಿಳಿಯರಿಗೂ ಲಾಭ ಇದ್ದಾಗ ಮಾತ್ರ ಕಪ್ಪು ಜನರಿಗೆ ನ್ಯಾಯ ಸಿಗುತ್ತದೆ ಅಂತ 1980ರ ಒಂದು ಲೇಖನದಲ್ಲಿ ವಾದಿಸಿದರು. ಕಿಂಬರ್ಲೆ ಕ್ರೆನ್ಷಾ, ರಿಚರ್ಡ್ ಡೆಲ್ಗಾಡೊ ಮುಂತಾದವರು ಈ ಯೋಚನೆಯನ್ನು ಬೆಳೆಸಿದರು. 1989ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಸೇರಿದ ಸಭೆಯಲ್ಲಿ ಅದಕ್ಕೆ ಈ ಹೆಸರು ಗಟ್ಟಿಯಾಯಿತು.

ನಿಮ್ಮ ರಾಜ್ಯದ್ದೇ ಉದಾಹರಣೆ ಕೊಡುತ್ತೇನೆ. ಸ್ಯಾನ್ ಆಂಟೋನಿಯೊ ಊರಿನಲ್ಲಿ ಎಜ್‌ವುಡ್ ಅನ್ನುವ ಶಾಲಾ ಜಿಲ್ಲೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಇದೆ. 1960ರ ದಶಕದ ಕೊನೆಯಲ್ಲಿ ಅಲ್ಲಿನ ಮಕ್ಕಳಲ್ಲಿ ಸುಮಾರು ನೂರಕ್ಕೆ ತೊಂಬತ್ತು ಮಂದಿ ಮೆಕ್ಸಿಕನ್ ಮೂಲದವರು. ಅದೇ ಊರಿನ ಅಲಾಮೊ ಹೈಟ್ಸ್‌ನಲ್ಲಿ ಬಿಳಿಯರೇ ಜಾಸ್ತಿ. ಎಜ್‌ವುಡ್ ಜನ ನೂರು ಡಾಲರ್ ಆಸ್ತಿಗೆ 1 ಡಾಲರ್ 5 ಸೆಂಟ್ ತೆರಿಗೆ ಹಾಕಿಕೊಂಡರು, ಅಲಾಮೊ ಹೈಟ್ಸ್‌ನವರು 85 ಸೆಂಟ್. ಹೀಗಿದ್ದೂ ಎಜ್‌ವುಡ್‌ನ ಒಂದು ಮಗುವಿಗೆ ವರ್ಷಕ್ಕೆ ಸಿಕ್ಕಿದ್ದು 356 ಡಾಲರ್, ಅಲಾಮೊ ಹೈಟ್ಸ್‌ನ ಮಗುವಿಗೆ 594. ಕಾರಣ ಸರಳ. ಶಾಲೆಯ ಹಣ ಮನೆಗಳ ಬೆಲೆಯ ಮೇಲೆ ನಿಂತಿತ್ತು, ಎಜ್‌ವುಡ್‌ನ ಮನೆಗಳಿಗೆ ಬೆಲೆ ಇರಲಿಲ್ಲ. ತಂದೆತಾಯಿಗಳು ಕೋರ್ಟಿಗೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಲ್ಲಿ, ಇದರಲ್ಲಿ ಸಂವಿಧಾನದ ಉಲ್ಲಂಘನೆ ಇಲ್ಲ ಅಂದಿತು.

ಆ ತೆರಿಗೆ ಕಾನೂನಿನಲ್ಲಿ ಬಣ್ಣದ ಹೆಸರೇ ಇರಲಿಲ್ಲ, ಗಮನಿಸಿ. ಯಾರೂ ಯಾರನ್ನೂ ಬೈದಿರಲಿಲ್ಲ. ಆದರೂ ನಷ್ಟ ಯಾರ ಮಕ್ಕಳಿಗೆ ಆಯಿತು ಅನ್ನುವುದು ಕಣ್ಣಿಗೆ ಕಾಣುತ್ತದೆ. ‘ಕೆಟ್ಟ ಮನುಷ್ಯ ಯಾರು’ ಅಂತ ಹುಡುಕುವ ಬದಲು ‘ಈ ನಿಯಮ ಏನು ಮಾಡುತ್ತಿದೆ’ ಅಂತ ಕೇಳುವುದು ಈ ಥಿಯರಿಯ ಮುಖ್ಯ ಕೆಲಸ. ಎಂಟನೇ ಕ್ಲಾಸಿನಲ್ಲಿ ಯಾರೂ ಡೆರಿಕ್ ಬೆಲ್ ಅವರ ಲೇಖನ ಓದಿಸುವುದಿಲ್ಲ. ಅಷ್ಟರ ಮಟ್ಟಿಗೆ ‘ಇಲ್ಲವೇ ಇಲ್ಲ’ ಅಂದವರ ಮಾತು ಸರಿ.

ಹಾಗಾದರೆ ಜಗಳ ಎಲ್ಲಿಂದ ಬಂತು? 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತರು. ಅದಾದ ಮೇಲೆ ಶಾಲೆ, ಕಚೇರಿ ಎಲ್ಲ ಕಡೆ ಜನಾಂಗಭೇದದ ಬಗ್ಗೆ ತರಬೇತಿಗಳು ಶುರುವಾದವು. ಕೆಲವು ಒಳ್ಳೆಯವು, ಕೆಲವು ಅವಸರದಲ್ಲಿ ಕಟ್ಟಿದವು. ಕ್ರಿಸ್ಟೊಫರ್ ರೂಫೊ ಅನ್ನುವ ಬರಹಗಾರರು ಆ ತರಬೇತಿಗಳ ಕಾಗದಪತ್ರ ಸಂಗ್ರಹಿಸಿ, ಎಲ್ಲಕ್ಕೂ ಸಿಆರ್‌ಟಿ ಅನ್ನುವ ಒಂದೇ ಹೆಸರಿಟ್ಟರು. ಪತ್ರಿಕೆಯಲ್ಲಿ ಏನೇ ಅತಿರೇಕ ಓದಿದರೂ ಜನರಿಗೆ ಈ ಹೆಸರೇ ನೆನಪಾಗಬೇಕು, ಅದೇ ಗುರಿ ಅಂತ 2021ರ ಮಾರ್ಚ್‌ನಲ್ಲಿ ಅವರೇ ಬಹಿರಂಗವಾಗಿ ಬರೆದರು. ಗುರಿ ಮುಟ್ಟಿದರು ಕೂಡ. ಇವತ್ತು ಆ ಒಂದು ಹೆಸರಿನ ಕೆಳಗೆ ಗುಲಾಮಗಿರಿಯ ಪಾಠವೂ ಬರುತ್ತದೆ, ಶಿಕ್ಷಕರ ತರಬೇತಿಯೂ ಬರುತ್ತದೆ, ಗ್ರಂಥಾಲಯದ ಪುಸ್ತಕವೂ ಬರುತ್ತದೆ.

ಇನ್ನೊಂದು ಕಡೆಯವರೂ ನೇರವಾಗಿ ಮಾತಾಡಲಿಲ್ಲ ಅನ್ನುವುದು ನನ್ನ ಬೇಸರ. ‘ಇದು ಕಾನೂನು ಕಾಲೇಜಿನ ವಿಷಯ ಮಾತ್ರ’ ಅಂತ ಒಂದು ಕಡೆ ಹೇಳುತ್ತಿದ್ದಾಗಲೇ, 2021ರ ಜುಲೈನಲ್ಲಿ ದೇಶದ ಅತಿ ದೊಡ್ಡ ಶಿಕ್ಷಕರ ಸಂಘ ಒಂದು ನಿರ್ಣಯ ಮಾಡಿತು. ಪಾಠಗಳು ಸಿಆರ್‌ಟಿಯಂಥ ಚಿಂತನೆಗಳ ನೆರವು ಪಡೆಯುವುದು ಸರಿ ಅಂತ ಅದರಲ್ಲಿತ್ತು. ತಂದೆತಾಯಿಗಳಿಗೆ ಸಂಶಯ ಬಂದಿದ್ದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ?

ಈಗ ಟೆಕ್ಸಾಸ್ ಕಾನೂನಿಗೆ ಬರೋಣ. 2021ರ ಸೆಪ್ಟೆಂಬರ್‌ನಲ್ಲಿ ಒಂದು ಕಾನೂನು ಜಾರಿಗೆ ಬಂತು, ಡಿಸೆಂಬರ್‌ನಲ್ಲಿ ಅದರ ಜಾಗಕ್ಕೆ ತಿದ್ದಿದ ಇನ್ನೊಂದು ಬಂತು. ತನ್ನ ಬಣ್ಣದ ಕಾರಣಕ್ಕೆ ಯಾವ ಮಗುವೂ ಅಪರಾಧಿ ಭಾವ, ಸಂಕಟ ಪಡಬೇಕು ಅಂತ ಕಲಿಸಬಾರದು ಅನ್ನುವುದು ಮೊದಲ ಕಾನೂನಿನ ಒಂದು ಮುಖ್ಯ ಮಾತು. ಇದನ್ನು ನಿಧಾನವಾಗಿ ಓದಿ. ‘ಸಂಕಟ ಪಡಬೇಕು ಅಂತ ಕಲಿಸಬಾರದು’ ಅನ್ನುವುದು ಬೇರೆ. ‘ಸಂಕಟ ಆಗುವಂಥದ್ದನ್ನು ಕಲಿಸಬಾರದು’ ಅನ್ನುವುದು ಬೇರೆ. ಆ ಕಾನೂನಿನಲ್ಲಿ ಇದ್ದದ್ದು ಮೊದಲನೆಯದು. ಹೆದರಿದ ಶಾಲೆಗಳು ಕೇಳಿಸಿಕೊಂಡಿದ್ದು ಎರಡನೆಯದು. ಇಪ್ಪತ್ತು ವರ್ಷ ಇತಿಹಾಸ ಪಾಠ ಮಾಡಿದವಳಾಗಿ ಹೇಳುತ್ತೇನೆ, ಗುಲಾಮರ ಹಡಗಿನ ಚಿತ್ರ ತೋರಿಸಿದರೆ ಮಕ್ಕಳಿಗೆ ಸಂಕಟ ಆಗಿಯೇ ಆಗುತ್ತದೆ. ಆಗದಿದ್ದರೆ ನನಗೆ ಚಿಂತೆ ಆಗುತ್ತಿತ್ತು.

ಮೊದಲ ಕಾನೂನಿನಲ್ಲಿ ವಿವಾದದ ವಿಷಯಗಳನ್ನು ಬೇರೆ ಬೇರೆ ದೃಷ್ಟಿಯಿಂದ ತೋರಿಸಬೇಕು ಅಂತಲೂ ಇತ್ತು. ಅದರಿಂದ ಏನಾಯಿತು ನೋಡಿ. 2021ರ ಅಕ್ಟೋಬರ್‌ನಲ್ಲಿ ನಿಮ್ಮ ಹತ್ತಿರದ ಸೌತ್‌ಲೇಕ್‌ನಲ್ಲಿ ಶಾಲಾ ಆಡಳಿತದ ಒಬ್ಬ ಅಧಿಕಾರಿ ಶಿಕ್ಷಕರಿಗೆ ಒಂದು ಸೂಚನೆ ಕೊಟ್ಟರು. ಹಿಟ್ಲರ್ ಕಾಲದ ಯಹೂದಿಗಳ ಕಗ್ಗೊಲೆಯ ಪುಸ್ತಕ ಇಟ್ಟರೆ, ಅದಕ್ಕೆ ಎದುರಾದ ಪುಸ್ತಕವನ್ನೂ ಇಡಿ ಅಂತ! ಧ್ವನಿಮುದ್ರಣ ಹೊರಗೆ ಬಂದು ಶಾಲಾ ಜಿಲ್ಲೆ ಕ್ಷಮೆ ಕೇಳಬೇಕಾಯಿತು. ಆ ಅಧಿಕಾರಿ ಕೆಟ್ಟವರು ಅಂತ ನನಗೆ ಅನ್ನಿಸುವುದಿಲ್ಲ. ಮಸುಕಾದ ಕಾನೂನು ಕೈಗೆ ಕೊಟ್ಟರೆ ಹೆದರಿದವರು ಹೀಗೇ ಮಾಡುತ್ತಾರೆ. ಇಂಥ ಕಾನೂನುಗಳು ಒಳಿತಿಗಿಂತ ಕೆಡುಕನ್ನೇ ಜಾಸ್ತಿ ಮಾಡಿವೆ ಅಂತ ನಾನು ಹೇಳುವುದು ಇದಕ್ಕೇ.

ಅರ್ಜಿಗೆ ಸಹಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಮಗಳ ಪುಸ್ತಕ, ಹೋಂವರ್ಕ್, ಶಿಕ್ಷಕರು ಕೊಟ್ಟ ಹಾಳೆಗಳನ್ನು ತೆಗೆದು ಓದಿ. ಪಾಠದ ಸಾಮಗ್ರಿಯನ್ನೆಲ್ಲ ನೋಡುವ ಹಕ್ಕನ್ನು ಟೆಕ್ಸಾಸ್ ಕಾನೂನು ತಂದೆತಾಯಿಗಳಿಗೆ ಕೊಟ್ಟಿದೆ, ಶಾಲೆಯನ್ನು ಕೇಳಬಹುದು. 2015ರಲ್ಲಿ ಹ್ಯೂಸ್ಟನ್ ಹತ್ತಿರದ ಒಬ್ಬ ತಾಯಿ ತನ್ನ ಮಗನ ಭೂಗೋಳ ಪುಸ್ತಕದ ಒಂದು ನಕ್ಷೆಯ ಕೆಳಗಿನ ಸಾಲು ಓದಿದರು. ಆಫ್ರಿಕಾದಿಂದ ಗುಲಾಮರಾಗಿ ಎಳೆದು ತಂದವರನ್ನು ಅದರಲ್ಲಿ ‘ಕೆಲಸಗಾರರು’ ಅಂತ ಕರೆದಿತ್ತು. ಅವರು ಆ ಸಾಲನ್ನು ಎಲ್ಲರಿಗೂ ತೋರಿಸಿದರು, ಪ್ರಕಾಶಕರು ತಿದ್ದಲು ಒಪ್ಪಿದರು. ಆ ತಾಯಿ ಯಾವ ಥಿಯರಿಯ ಪರವಾಗಿಯೂ ಜಗಳ ಆಡಲಿಲ್ಲ. ಪುಟ ಓದಿದರು, ತಪ್ಪಿನ ಮೇಲೆ ಬೆರಳಿಟ್ಟರು.

ಪ್ರಶ್ನೆ: ಮೈಸೂರಿನ ನಿವೃತ್ತ ಶಿಕ್ಷಕ ನಾನು. ಅಮೆರಿಕದ ಅಧ್ಯಕ್ಷರು ಒಂದು ಆದೇಶ ಹೊರಡಿಸಿ ಈ ವಿಷಯ ಮುಗಿಸಬಹುದಲ್ಲವೇ?

ಪ್ರಯತ್ನ ನಡೆದಿದೆ ಸರ್, ಆದರೆ ಅಲ್ಲಿ ಹಾಗೆ ಮುಗಿಯುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಸರ್ಕಾರಿ ಕಚೇರಿಗಳ ಇಂಥ ತರಬೇತಿಗಳನ್ನು ತಡೆದರು. ಬೈಡನ್ ಅಧಿಕಾರಕ್ಕೆ ಬಂದ ದಿನವೇ ಅದನ್ನು ರದ್ದು ಮಾಡಿದರು. 2025ರ ಜನವರಿಯಲ್ಲಿ ಟ್ರಂಪ್ ಮರಳಿ ಬಂದು, ಈ ಸಲ ಶಾಲೆಗಳ ಮೇಲೇ ಆದೇಶ ಮಾಡಿದರು. ಆದರೆ ಪಠ್ಯ ಏನಿರಬೇಕು ಅಂತ ಕೇಂದ್ರ ಹೇಳಕೂಡದು ಅನ್ನುವುದು ಅಲ್ಲಿನ ಕಾನೂನು. ಅನುದಾನ ನಿಲ್ಲಿಸುತ್ತೇವೆ ಅಂತ ಬೆದರಿಸಬಹುದು, ಅಷ್ಟೇ. ಪಠ್ಯ ರಾಜ್ಯಗಳ ಕೈಯಲ್ಲಿದೆ, ಅದಕ್ಕಿಂತ ಕೆಳಗೆ ಸುಮಾರು 13,000 ಶಾಲಾ ಜಿಲ್ಲೆಗಳಿವೆ, ಬಹುತೇಕ ಕಡೆ ಊರಿನವರೇ ಮಂಡಳಿಯನ್ನು ಆರಿಸುತ್ತಾರೆ. ಹಾಗಾಗಿಯೇ ಐಡಹೊ, ಒಕ್ಲಹೋಮಾ, ಟೆನೆಸಿ, ಫ್ಲಾರಿಡಾ ಒಂದೊಂದೂ ತಮ್ಮದೇ ಕಾನೂನು ಮಾಡಿದವು. ನ್ಯೂ ಹ್ಯಾಂಪ್‌ಶೈರ್‌ನ ಕಾನೂನನ್ನು 2024ರಲ್ಲಿ ಕೋರ್ಟ್ ತಳ್ಳಿಹಾಕಿತು. ಏನು ಹೇಳಬಾರದು ಅನ್ನುವುದೇ ಅದರಲ್ಲಿ ಸ್ಪಷ್ಟವಿಲ್ಲ ಅನ್ನುವುದು ನ್ಯಾಯಾಧೀಶರ ಕಾರಣ. ಶಿಕ್ಷಕರಾದ ನಿಮಗೆ ಆ ಕಷ್ಟ ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಹತ್ತು ವರ್ಷದ ಮಗನ ತರಗತಿಯಲ್ಲಿ ಮಕ್ಕಳ ಬಣ್ಣ, ಧರ್ಮ, ಮನೆಯ ಹಣಕಾಸು ಎಲ್ಲ ಬರೆಸಿ, ಯಾರು ‘ಮೇಲೆ’, ಯಾರು ‘ಕೆಳಗೆ’ ಅಂತ ಗುರುತು ಹಾಕಿಸಿದರು. ನನಗೆ ಸರಿ ಕಾಣಲಿಲ್ಲ. ದೂರು ಕೊಟ್ಟರೆ ನಮ್ಮನ್ನೇ ಜನಾಂಗದ್ವೇಷಿಗಳು ಅಂತಾರೇನೋ ಅನ್ನುವ ಭಯ.

ಭಯ ಬೇಡ, ಕೇಳಿ. ನಿಮಗೆ ಸರಿ ಕಾಣದ್ದು ನನಗೂ ಸರಿ ಕಾಣುವುದಿಲ್ಲ. ಹತ್ತು ವರ್ಷದ ಮಗುವಿಗೆ ಗೆಳೆಯರ ನಡುವೆ ನಿಂತು ತನ್ನ ಮನೆಯ ಕಥೆ ಬಿಚ್ಚಿಡು ಅನ್ನುವುದು ಪಾಠ ಅಲ್ಲ. ಮನೆಗಳಿಗೆ ಸಾಲ ಕೊಡುವಾಗ 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ಕಪ್ಪು ಜನ ಇರುವ ಬೀದಿಗಳಿಗೆ ನಕ್ಷೆಯಲ್ಲಿ ಕೆಂಪು ಬಣ್ಣ ಬಳಿದು ‘ಇಲ್ಲಿ ಅಪಾಯ’ ಅಂದಿತ್ತು. ಆ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಇವತ್ತಿನ ಊರಿನ ಜೊತೆ ಹೋಲಿಸಿ ಅಂದರೆ ಮಕ್ಕಳು ತಾವೇ ಪ್ರಶ್ನೆ ಕೇಳುತ್ತಾರೆ. ಅಲ್ಲಿ ಪರೀಕ್ಷೆಗೆ ನಿಲ್ಲುವುದು ನಕ್ಷೆ, ಮಗು ಅಲ್ಲ.

ದೂರು ಬರೆಯುವಾಗ ಸಿಆರ್‌ಟಿ ಅನ್ನುವ ಪದವನ್ನೇ ತರಬೇಡಿ. ಆ ಪದ ಬಂದ ಕೂಡಲೇ ಎದುರಿನವರು ನೀವು ಯಾವ ಪಕ್ಷ ಅಂತ ನೋಡುತ್ತಾರೆ, ನಿಮ್ಮ ಮಾತು ಕೇಳುವುದಿಲ್ಲ. ‘ಇಂಥ ದಿನ ಈ ಹಾಳೆ ಕೊಟ್ಟರು, ಈ ಪ್ರಶ್ನೆ ಇತ್ತು, ಮಗ ಮನೆಗೆ ಬಂದು ಹೀಗೆ ಹೇಳಿದ’ ಅಂತ ಬರೆಯಿರಿ. ಹಾಳೆಯ ಫೋಟೊ ಇಡಿ. ಜನಾಂಗಭೇದದ ಇತಿಹಾಸ ಕಲಿಸುವುದು ಬೇಕು, ಈ ವಿಧಾನ ಬೇಡ ಅಂತ ಒಂದು ಸಾಲು ಸೇರಿಸಿ. ಅದು ಸುಮ್ನೆ ಸಭ್ಯತೆಗೆ ಅಲ್ಲ, ನಿಜವಾಗಿ ಮುಖ್ಯ. ಇಲ್ಲದಿದ್ದರೆ ಆ ಚಟುವಟಿಕೆ ಜೊತೆಗೆ ಒಳ್ಳೆಯ ಪಾಠವೂ ಹೋಗಿಬಿಡುತ್ತದೆ.

ಈ ವಿಷಯದಲ್ಲಿ ಅನುಮಾನ ಇರುವವರೆಲ್ಲ ದ್ವೇಷಿಗಳು ಅನ್ನುವುದೂ ತಪ್ಪು. ಹಾರ್ವರ್ಡ್‌ನಲ್ಲೇ ಬೆಲ್ ಅವರ ಸಹೋದ್ಯೋಗಿ, ಸ್ವತಃ ಕಪ್ಪು ಪ್ರಾಧ್ಯಾಪಕ ರ‍್ಯಾಂಡಲ್ ಕೆನಡಿ, 1989ರಲ್ಲಿ ಈ ಚಿಂತನೆಯನ್ನು ಗಟ್ಟಿಯಾಗಿ ಟೀಕಿಸಿದ್ದರು.

ಪ್ರಶ್ನೆ: ನಾವು ಭಾರತೀಯರು ಮೊನ್ನೆ ಮೊನ್ನೆ ಬಂದವರು. ಈ ಕಪ್ಪು–ಬಿಳಿ ಜಗಳ ಅವರದ್ದು. ನಮ್ಮ ಮಕ್ಕಳು ಯಾಕೆ ಓದಬೇಕು?

ಭಗತ್ ಸಿಂಗ್ ಥಿಂದ್ ಹೆಸರು ಕೇಳಿದ್ದೀರಾ? ಪಂಜಾಬಿನವರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸೇರಿದ್ದರು. ಆ ಕಾಲದ ಕಾನೂನಿನಂತೆ ಹೊರಗಿನಿಂದ ಬಂದವರಲ್ಲಿ ಬಿಳಿಯರು ಅಥವಾ ಆಫ್ರಿಕಾ ಮೂಲದವರು ಮಾತ್ರ ಪೌರತ್ವ ಪಡೆಯಬಹುದಿತ್ತು. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ ಅಂತ ಥಿಂದ್ ವಾದಿಸಿದರು. ಆ ವಾದ ಓದುವಾಗ ನನಗೆ ನೋವಾಗುತ್ತದೆ. ಬಾಗಿಲು ಎಲ್ಲರಿಗೂ ತೆರೆಯಿರಿ ಅನ್ನಲಿಲ್ಲ, ಜಾತಿ ತೋರಿಸಿ ತಾನೊಬ್ಬ ಒಳಗೆ ಹೋಗಲು ನೋಡಿದರು. ಸ್ವಲ್ಪ ಮೊದಲು ಒಬ್ಬ ಜಪಾನಿ ವ್ಯಕ್ತಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ‘ಬಿಳಿಯ ಅಂದ್ರೆ ಕಕೇಶಿಯನ್’ ಅಂದಿತ್ತು. 1923ರಲ್ಲಿ ಥಿಂದ್ ಮುಂದೆ ನಿಂತಾಗ ‘ವಿಜ್ಞಾನ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ಕಣ್ಣಿಗೆ ನೀನು ಬಿಳಿಯ ಅಲ್ಲ’ ಅನ್ನುವ ಅರ್ಥದ ತೀರ್ಪು ಕೊಟ್ಟಿತು. ಜನಾಂಗ ಅನ್ನುವುದು ಪ್ರಕೃತಿ ಕೊಟ್ಟಿದ್ದಲ್ಲ, ಕಾನೂನು ಕಟ್ಟಿದ್ದು ಅಂತ ಸಿಆರ್‌ಟಿ ಹೇಳುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಾ?

ಆಮೇಲೆ, ಪೌರತ್ವ ಸಿಕ್ಕಿದ್ದ ಇತರ ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯಿ ಅವರಲ್ಲಿ ಒಬ್ಬರು. 1928ರಲ್ಲಿ ಅವರು ತಾವೇ ಪ್ರಾಣ ಕಳೆದುಕೊಂಡರು.

ಟೆಕ್ಸಾಸ್‌ನವರಿಗೆ ಇನ್ನೊಂದು. 1955ರಲ್ಲಿ ಹ್ಯೂಸ್ಟನ್ ವಿಮಾನ ನಿಲ್ದಾಣದ ಹೋಟೆಲಿನಲ್ಲಿ, ಬಿಳಿಯರ ಜೊತೆ ಕೂರಿಸದೆ ಬೇರೆ ಕೋಣೆಗೆ ಕಳಿಸಿದ್ದು ಭಾರತದ ರಾಯಭಾರಿ ಜಿ.ಎಲ್. ಮೆಹ್ತಾ ಅವರನ್ನು. ಅಮೆರಿಕದ ವಿದೇಶಾಂಗ ಸಚಿವರೇ ಕ್ಷಮೆ ಕೇಳಿದರು. ರಾಯಭಾರಿಗೆ ಕ್ಷಮೆ ಸಿಕ್ಕಿತು, ದಿನಾ ಆ ಕೋಣೆಯಲ್ಲೇ ಊಟ ಮಾಡುತ್ತಿದ್ದ ಕಪ್ಪು ಜನರಿಗೆ ಸಿಗಲಿಲ್ಲ.

ನೀವು ಅಲ್ಲಿಗೆ ಹೋದ ದಾರಿಯನ್ನೂ ನೋಡಿ. ದೇಶ ನೋಡಿ ಜನರನ್ನು ಬಿಟ್ಟುಕೊಳ್ಳುವ ಹಳೆಯ ಲೆಕ್ಕವನ್ನು ತೆಗೆದುಹಾಕಿದ ವಲಸೆ ಕಾನೂನು 1965ರದ್ದು. ಕಪ್ಪು ಜನರ ಮತದ ಹಕ್ಕಿನ ಕಾನೂನು ಬಂದ ಅದೇ ವರ್ಷ, ಅದೇ ಹೋರಾಟದ ಬಿಸಿಯಲ್ಲಿ ಅದು ಬಂತು. ಅದಕ್ಕೆ ಮೊದಲು ಭಾರತಕ್ಕೆ ಇದ್ದದ್ದು ವರ್ಷಕ್ಕೆ 100 ಜನರ ಮಿತಿ. ಮಕ್ಕಳಿಗೆ ಇದನ್ನು ಶಾಲೆ ಹೇಳದಿದ್ದರೆ ಮನೆಯಲ್ಲಿ ನೀವೇ ಹೇಳಿ. ಥಿಂದ್ ಅವರಿಂದಲೇ ಶುರು ಮಾಡಬಹುದು. 1936ರಲ್ಲಿ ಅವರಿಗೆ ಕೊನೆಗೂ ಪೌರತ್ವ ಸಿಕ್ಕಿತು. ಮಾಜಿ ಸೈನಿಕರಿಗೆ ಬಣ್ಣ ನೋಡದೆ ಪೌರತ್ವ ಕೊಡುವ ಹೊಸ ಕಾನೂನೊಂದು ಅದಕ್ಕೆ ಹಿಂದಿನ ವರ್ಷ ಬಂದಿತ್ತು.