ಹೊಲಿಗೆ ಡಬ್ಬಿ: ಮರುಭೂಮಿ ಹೂವು ಬಟ್ಟೆ ಮೇಲೆ

ಪ್ರಶ್ನೆ: ಮೇಡಂ, ನಾವಿರೋದು ಅರಿಜೋನಾದ ಚಾಂಡ್ಲರ್‌ನಲ್ಲಿ. ಒಳ್ಳೆ ಮಳೆ ಆದ ವರ್ಷ ಮಾರ್ಚ್‌ನಲ್ಲಿ ಪಿಕಾಚೋ ಪೀಕ್ ಕಡೆ ಹೋದ್ರೆ ಬೆಟ್ಟದ ಬುಡದಲ್ಲೆಲ್ಲಾ ಆರೆಂಜ್ ಪಾಪಿ ಹೂವು, ಮಧ್ಯ ಮಧ್ಯ ನೀಲಿ ಲೂಪಿನ್. ಅದನ್ನೇ ಕ್ವಿಲ್ಟ್ (ಬಟ್ಟೆ ತುಂಡು ಜೋಡಿಸಿ ಹೊಲಿದ ಹೊದಿಕೆ) ಮಾಡೋಣ ಅಂತ ಹೂವಿನ ಪ್ರಿಂಟ್ ಬಟ್ಟೆ ರಾಶಿ ತಂದು ಜೋಡಿಸಿ ನೋಡಿದ್ರೆ ಮರುಭೂಮಿ ಥರಾನೇ ಕಾಣಲ್ಲ, ಯಾವ್ದೋ ಲಾಲ್‌ಬಾಗ್ ಫ್ಲವರ್ ಶೋ ಥರ ಕಾಣ್ತಿದೆ. ಏನ್ ಮಾಡ್ಲಿ?
(ಓದುಗರು, ಚಾಂಡ್ಲರ್)

ಉತ್ತರ: ಹೂವು ಜಾಸ್ತಿ ಆಗಿದೆ, ನೆಲ ಕಮ್ಮಿ ಆಗಿದೆ, ಅಷ್ಟೇ. ಇನ್ನೊಂದು ಸಲ ಹೋದಾಗ ಹೂವು ಬಿಟ್ಟು ಹೂವಿನ ಸುತ್ತ ಏನಿದೆ ಅಂತ ನೋಡಿ. ಮಣ್ಣು, ಜಲ್ಲಿ, ಬೂದು ಬಣ್ಣದ ಪೊದೆ, ಒಣಗಿದ ಕಡ್ಡಿ. ಆ ಸಪ್ಪೆ ನೆಲದ ಮೇಲೆ ಇರೋದಕ್ಕೇ ಆ ಆರೆಂಜ್ ಅಷ್ಟು ದೂರದಿಂದ ಕಣ್ಣಿಗೆ ಹೊಡೆಯೋದು.

ಲೆಕ್ಕ ಹೀಗಿಟ್ಕೊಳ್ಳಿ. ಆರೂವರೆ ಇಂಚಿನ ಚೌಕ ಕತ್ತರಿಸಿದ್ರೆ ಎಲ್ಲಾ ಕಡೆ ಕಾಲು ಇಂಚು ಹೊಲಿಗೆಗೆ ಹೋಗಿ 6 ಇಂಚು ಉಳಿಯುತ್ತೆ. ಅಡ್ಡ 8, ಉದ್ದ 10, ಒಟ್ಟು 80 ಚೌಕ, ಅಂದ್ರೆ 48 ಇಂಟು 60 ಇಂಚು, ಸೋಫಾ ಮೇಲೆ ಹೊದ್ಕೊಳೋಕೆ ಸರಿಯಾದ ಸೈಜು. ಆ 80ರಲ್ಲಿ 20ಕ್ಕಿಂತ ಜಾಸ್ತಿ ಚೌಕಕ್ಕೆ ಹೂವು ಹಾಕ್ಲೇಬೇಡಿ. ಮಿಕ್ಕಿದ್ದು ಬರೀ ನೆಲ. ಹೂವನ್ನ ಸಮವಾಗಿ ಹಂಚಬಾರದು, ಕೆಳಗಡೆ ಒಂದು ಮೂಲೆಯಲ್ಲಿ ಗುಂಪಾಗಿ, ಮೇಲೆ ಹೋಗ್ತಾ ಒಂದೊಂದೇ.

ನೆಲದ ಬಟ್ಟೆ ಕೊಳ್ಳೋದೇ ಬೇಡ ಅನ್ನಿಸುತ್ತೆ ನಂಗೆ. ಮನೇಲಿ ಹಳೇ ಕಾಟನ್ ಪಂಚೆ ಇದ್ರೆ ಚೆನ್ನಾಗಿ ಒಗೆದು ಗಂಜಿ ಎಲ್ಲಾ ಬಿಡಿಸಿ ಗಟ್ಟಿ ಟೀ ಡಿಕಾಕ್ಷನ್‌ನಲ್ಲಿ ನೆನೆಸಿ, ಅರ್ಧ ಗಂಟೆಗೆ ಒಂದು ತುಂಡು, ಎರಡು ಗಂಟೆಗೆ ಇನ್ನೊಂದು ತುಂಡು ತೆಗೀರಿ, ಮರಳಿನ ನಾಲ್ಕೈದು ಬಣ್ಣ ತಾನಾಗೇ ಬರುತ್ತೆ, ಅಲ್ಲಲ್ಲಿ ಕಲೆ ಕಲೆ ಆದ್ರೆ ಇನ್ನೂ ಚೆಂದ. ಅದೇ ಡಿಕಾಕ್ಷನ್‌ಗೆ ತುಕ್ಕು ಹಿಡಿದ ಮೊಳೆ ಹಾಕಿದ್ರೆ ಬೂದು ಬಣ್ಣಕ್ಕೆ ತಿರುಗುತ್ತೆ, ಆದ್ರೆ ಕಬ್ಬಿಣ ಜಾಸ್ತಿ ಆದ್ರೆ ಬಟ್ಟೆ ಬೇಗ ಜೀರ್ಣ ಆಗುತ್ತೆ, ಹಿಡಿತದಲ್ಲಿರಲಿ.

ಎಲ್ಲರೂ ಎಡವೋದು ಹಸಿರಿನಲ್ಲಿ. ಗಿಳಿ ಹಸಿರು, ಬಾಳೆ ಎಲೆ ಹಸಿರು ಅಲ್ಲಿ ಅಪರೂಪ. ಬ್ರಿಟ್ಲ್‌ಬುಶ್ ಅಂತ ಹಳದಿ ಹೂವಿನ ಪೊದೆ ನಿಮ್ಮ ಊರಿನ ಸುತ್ತಾನೂ ಇರುತ್ತಲ್ಲ, ಅದರ ಎಲೆ ಮುಟ್ಟಿ ನೋಡಿ, ಮೈ ತುಂಬಾ ಬಿಳಿ ರೋಮ, ಬಿಸಿಲನ್ನ ವಾಪಸ್ ಕಳಿಸಿ ಎಲೆ ಕಾಯದೇ ಇರೋ ಹಾಗೆ ನೋಡ್ಕೊಳತ್ತೆ. ಅದಕ್ಕೇ ಅದು ಹಸಿರು ಅನ್ನೋದಕ್ಕಿಂತ ಬೂದಿ ಬೆಳ್ಳಿ ಬಣ್ಣ. ಅಂಗಡೀಲಿ ಹಸಿರು ಬಟ್ಟೆ ಆರಿಸೋವಾಗ ಇದು ಮಾಸಿದ ಹಾಗಿದೆಯಲ್ಲಾ ಅನ್ನಿಸಿದ್ದನ್ನೇ ತಗೊಳ್ಳಿ. ಪ್ರಿಂಟ್ ಹಿಂಬದಿ ತಿರುಗಿಸಿ ಹಾಕಿದ್ರೂ ಆಗುತ್ತೆ.

ಇನ್ನು ಹೂವು. ಪಾಪಿಗೆ 4 ಪಕಳೆ, ಮೋಡ ಇದ್ರೆ, ಸಂಜೆ ಆದ್ರೆ ಮುಚ್ಕೊಳತ್ತೆ. ಹಾಗಾಗಿ ಎಲ್ಲಾನೂ ಅರಳಿಸಿ ಕೂರಿಸ್ಬೇಡಿ, ಕೆಲವು ಪಕ್ಕದಿಂದ ಕಾಣೋ ಬಟ್ಟಲಿನ ಆಕಾರ, ಕೆಲವು ಮುಚ್ಚಿರೋವು. ಲೂಪಿನ್ ಕತ್ತರಿಸಿ ಅಂಟಿಸೋದು ಕಷ್ಟ, ಕಸೂತಿ ದಾರದಲ್ಲಿ ಗಂಟು ಹೊಲಿಗೆ ಹಾಕಿ ಮುಗಿಸಿ. ಗ್ಲೋಬ್‌ಮ್ಯಾಲೋ ಅನ್ನೋ ಇನ್ನೊಂದು ಆರೆಂಜ್ ಕಾಡು ಹೂವಿಗೆ ಏಪ್ರಿಕಾಟ್ ಬಣ್ಣ ಹುಡುಕಿ, ಪಾಪಿ ಪಕ್ಕ ಇಟ್ಟಾಗ ಎರಡೂ ಬೇರೆ ಬೇರೆ ಆರೆಂಜ್ ಅಂತ ಗೊತ್ತಾಗ್ಬೇಕು. ಒಕೊಟಿಯೋ ಅನ್ನೋ ಉದ್ದ ಕೋಲಿನಂಥ ಮುಳ್ಳು ಗಿಡ ಇಷ್ಟ ಇದ್ರೆ ಬಟ್ಟೆ ಓರೆಯಾಗಿ ಕತ್ತರಿಸಿದ ಸಣ್ಣ ಪಟ್ಟಿ ಸಾಕು, ಚೆನ್ನಾಗಿ ಬಳುಕುತ್ತೆ, ತುದೀಲಿ ಕೆಂಪು.

ಸಗುವಾರೋ ಅನ್ನೋ ಎತ್ತರದ ಕಳ್ಳಿಯ ಹೂವನ್ನ ಮಾತ್ರ ಇವುಗಳ ಜೊತೆ ಸೇರಿಸ್ಬೇಡಿ. 1931ರಿಂದ ಅದು ನಿಮ್ಮ ರಾಜ್ಯದ ಹೂವು ನಿಜ, ಆದ್ರೆ ಅರಳೋದು ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ, ಅಷ್ಟೊತ್ತಿಗೆ ಪಾಪಿ ಒಣಗಿ ಬೀಜ ಉದುರಿಸಿರುತ್ತೆ. ಅದೂ ರಾತ್ರಿ ಅರಳಿ ಮಾರನೇ ದಿನ ಮಧ್ಯಾಹ್ನಕ್ಕೆ ಮುಚ್ಚೋ ಹೂವು, ಬಾವಲಿ ಬಂದು ಮಕರಂದ ಕುಡಿಯುತ್ತೆ. ಕಡು ನೀಲಿ ಬಟ್ಟೆ ಮೇಲೆ ಬಿಳಿ ಹೂವು, ಮಧ್ಯ ಹಳದಿ, ಅದನ್ನ ಬೇರೆ ಕ್ವಿಲ್ಟ್ ಮಾಡಿ. ಸುಮ್ನೆ ಹೇಳ್ತಿಲ್ಲ, ಒಂದು ಸಲ ನೋಡಿದ್ರೆ ನಿಮಗೇ ಇದರ ಆಸೆ ಜಾಸ್ತಿ ಆಗುತ್ತೆ.

ಪ್ರಶ್ನೆ: ಅಕ್ಕಾರ, ನಮ್ಮ ಕಡೆ ಹಳೇ ಸೀರಿ ಹಾಕಿ ಕೌದಿ ಹೊಲೀತಾರ. ನನ್ನ ಮಗಳು ಕ್ಯಾಲಿಫೋರ್ನಿಯಾದಾಗ ಇದ್ದಾಳ, ಅಲ್ಲಿ ಮರುಭೂಮಿ ಹೂವಿನ ಫೋಟೋ ಕಳಿಸ್ಯಾಳ. ಅದನ್ನ ಕೌದಿ ಮ್ಯಾಲೆ ಮಾಡಾಕ ಬರ್ತದೇನ್ರಿ? ನಡುವ ಬ್ಯಾಟಿಂಗ್ (ದಪ್ಪಕ್ಕ ಹಾಕೋ ಹತ್ತಿ ಪದರ) ಹಾಕಾಕ ಬೇಕೇನ್ರಿ?
(ಓದುಗರು, ಧಾರವಾಡ)

ಉತ್ತರ: ಧಾರಾಳವಾಗಿ ಬರುತ್ತೆ ರೀ. ಬ್ಯಾಟಿಂಗ್ ಬೇಕಿಲ್ಲ, ಎರಡು ಮೂರು ಪದರ ಹಳೇ ಕಾಟನ್ ಸೀರೆ ಇದ್ರೆ ಅದೇ ದಪ್ಪ ಆಗುತ್ತೆ. ನನಗೆ ಕೇಳಿದ್ರೆ ಮರುಭೂಮಿಗೆ ಮಷೀನ್ ಕ್ವಿಲ್ಟ್‌ಗಿಂತ ಕೌದಿ ಹೊಲಿಗೇನೇ ಒಳ್ಳೇದು, ಸಾಲು ಸಾಲು ಓಡುಹೊಲಿಗೆ ಹಾಕಿದಾಗ ಬಟ್ಟೆ ಸ್ವಲ್ಪ ಸುಕ್ಕಾಗುತ್ತಲ್ಲ, ಅದು ಗಾಳಿಗೆ ಮರಳಿನ ಮೇಲೆ ಏಳೋ ಅಲೆ ಥರಾನೇ ಕಾಣುತ್ತೆ. ಉತ್ತರ ಕನ್ನಡದ ಸಿದ್ದಿ ಹೆಣ್ಮಕ್ಕಳು ಕವಂದಿ ಅನ್ನೋ ಅವರ ಕೌದಿ ಹೊಲಿಯೋದು ನೋಡಿದೀರಾ? ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ, ಮೂಲೆಗಳಿಗೆ ಮಡಚಿದ ತ್ರಿಕೋನದ ಬಟ್ಟೆ ಇಡ್ತಾರೆ, ಫುಲಾ ಅಂತಾರೆ ಅದಕ್ಕೆ, ಅದಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಪೂರ್ತಿ ಆಗಿಲ್ಲ. ಹೂವನ್ನೆಲ್ಲಾ ಮೈಮೇಲೆ ಹರಡೋ ಬದಲು ಇದೇ ಥರ ಮೂಲೆಗೆ ಆರೆಂಜ್, ನೇರಳೆ ಬಟ್ಟೆ ಮಡಚಿಟ್ಟು ನಡುವೆ ಮಣ್ಣಿನ ಬಣ್ಣ ಬಿಟ್ಬಿಡಿ. ಒಂದೇ ಎಚ್ಚರಿಕೆ, ಸಿಂಥೆಟಿಕ್ ಸೀರೆ ಮಿಕ್ಸ್ ಮಾಡ್ಬೇಡಿ, ಕಾಟನ್‌ಗೆ ಬೇಕಾದ ಬಿಸಿಗೆ ಅದು ಕರಗಿ ಇಸ್ತ್ರಿ ಪೆಟ್ಟಿಗೆಗೇ ಅಂಟುತ್ತೆ.

ಪ್ರಶ್ನೆ: ಕಾಡು ಹೂವು ಕಿತ್ತು ಬಟ್ಟೆ ಮೇಲೆ ಅಚ್ಚು ಹಾಕೋದು ಹೇಗೆ? ಮಕ್ಕಳ ಜೊತೆ ಮಾಡ್ಬೇಕು ಅಂತಿದೀನಿ.
(ಓದುಗರು, ಸ್ಯಾನ್ ಡಿಯಾಗೋ)

ಉತ್ತರ: ಮೊದಲು ಕೀಳೋ ವಿಷ್ಯ. ಆನ್ಜಾ ಬೊರ್ರೆಗೋ ಥರದ ಸ್ಟೇಟ್ ಪಾರ್ಕ್‌ನಲ್ಲಾಗಲಿ ಡೆತ್ ವ್ಯಾಲಿ ಥರದ ನ್ಯಾಷನಲ್ ಪಾರ್ಕ್‌ನಲ್ಲಾಗಲಿ ಹೂವು ಕೀಳೋ ಹಾಗಿಲ್ಲ. ಅದು ಬರೀ ರೂಲ್ಸ್ ಅಲ್ಲ, ಈ ಗಿಡಗಳಲ್ಲಿ ಬಹಳಷ್ಟು ಒಂದೇ ಸೀಸನ್ ಬದುಕಿ ಬೀಜ ಬಿಟ್ಟು ಸಾಯೋವು, ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಒಳ್ಳೆ ಮಳೆಗೆ ಕಾಯುತ್ತೆ. ಡೆತ್ ವ್ಯಾಲೀಲಿ 1998, 2005, 2016ರಲ್ಲಿ ನೆಲ ಹೂವಿನಿಂದ ತುಂಬಿದ್ದು ಹೀಗೆ ಕಾದಿದ್ದ ಬೀಜದಿಂದ.

ನಿಮ್ಮ ಅಂಗಳದ ಗಿಡದ ಎಲೆ ಹೂವು ತಗೊಂಡು ಸೈನೋಟೈಪ್, ಅಂದ್ರೆ ಬಿಸಿಲಲ್ಲಿ ನೀಲಿ ಅಚ್ಚು, ಮಾಡಿ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ, ಮಾರನೇ ವರ್ಷಾನೇ ಆನಾ ಅಟ್ಕಿನ್ಸ್ ಇದರಲ್ಲಿ ಪಾಚಿ ಗಿಡಗಳ ಅಚ್ಚು ತೆಗೆದು ಪುಸ್ತಕ ಶುರು ಮಾಡಿದ್ರು. ಕೆಮಿಕಲ್ ಮೊದಲೇ ಹಚ್ಚಿರೋ ಕಾಟನ್ ಬಟ್ಟೆ ಸಿಗುತ್ತೆ, ಮಕ್ಕಳಿದ್ರೆ ಅದೇ ಸೇಫು. ನೆರಳಲ್ಲಿ ಎಲೆ ಜೋಡಿಸಿ, ಮೇಲೆ ಗಾಜು ಇಟ್ಟು ಬಿಸಿಲಿಗೆ ತಂದಿಡಿ, ಬಣ್ಣ ಪೂರ್ತಿ ಬದಲಾದ ಮೇಲೆ ನೀರಲ್ಲಿ ಜಾಲಿಸಿ. ಎಲೆ ಇದ್ದ ಜಾಗ ಬಿಳಿ, ಮಿಕ್ಕಿದ್ದು ನೀಲಿ. ಗ್ಲೋಬ್‌ಮ್ಯಾಲೋ ಎಲೆ ಮುಟ್ಟಿದ ಕೈಲಿ ಮಕ್ಕಳು ಕಣ್ಣು ಉಜ್ಜದ ಹಾಗೆ ನೋಡ್ಕೊಳ್ಳಿ, ಅದರ ರೋಮಕ್ಕೆ ಕಣ್ಣು ಉರಿಯುತ್ತೆ. ಮತ್ತೆ ಈ ಬಟ್ಟೇನ ಹೊದಿಕೆಗೆ ಹಾಕ್ಬೇಡಿ, ವಾಷಿಂಗ್ ಸೋಡಾ ಇರೋ ಪೌಡರ್ ತಾಗಿದ್ರೆ ನೀಲಿ ಮಾಸಿ ಹಳದಿ ಆಗುತ್ತೆ. ಗೋಡೆಗೆ ತೂಗುಹಾಕೋಕೆ ಚೆನ್ನಾಗಿರುತ್ತೆ, ಅದೂ ನೇರ ಬಿಸಿಲು ಬೀಳದ ಗೋಡೆ.

ಪ್ರಶ್ನೆ: ಕೆಂಪು ಬಟ್ಟೆ ಬಣ್ಣ ಬಿಡುತ್ತೆ. ಉಪ್ಪು, ವಿನೆಗರ್ ಹಾಕಿದ್ರೆ ನಿಲ್ಲುತ್ತಾ?
(ಓದುಗರು, ಮೈಸೂರು)

ಉತ್ತರ: ಅಂಗಡಿಯಿಂದ ತಂದ ಬಟ್ಟೆಗೆ ಅದು ಕೆಲಸ ಮಾಡಲ್ಲ. ಕತ್ತರಿಸೋ ಮೊದಲೇ ಬಿಸಿ ನೀರಲ್ಲಿ ನೀರು ತಿಳಿಯಾಗೋವರೆಗೂ ಒಗೀರಿ, ಆಮೇಲೆ ಒದ್ದೆ ಬಿಳಿ ಬಟ್ಟೇಲಿ ಉಜ್ಜಿ ನೋಡಿ. ಇನ್ನೂ ಬಿಟ್ರೆ ಆ ಕೆಂಪನ್ನ ಟೀ ಬಣ್ಣದ ಬಟ್ಟೆ ಪಕ್ಕ ಇಡೋ ಯೋಚನೆ ಬಿಟ್ಟು ಬೇರೆ ಕೆಂಪು ತನ್ನಿ.