ಸೆಕೆಂಡ್ ಲೈಫ್‌ನಲ್ಲಿ ಇಳಕಲ್ ಸೀರೆ ಮಾಡಿ ಮಾರಬೇಕು, ಬ್ಲೆಂಡರ್ ಬರಲ್ಲ. ಎಲ್ಲಿಂದ ಶುರು ಮಾಡಲಿ?

ನಿಮಗೆ ಫೋಟೋಶಾಪ್ ಚೆನ್ನಾಗಿ ಬರುತ್ತದೆ, ತ್ರೀಡಿ ಏನೂ ಗೊತ್ತಿಲ್ಲ. ಮನೆಯಲ್ಲಿ ಅಜ್ಜಿಯ ಇಳಕಲ್ ಸೀರೆಗಳಿವೆ, ಅವನ್ನು ಸೆಕೆಂಡ್ ಲೈಫ್ ಅನ್ನುವ ಆನ್‌ಲೈನ್ ತ್ರೀಡಿ ಲೋಕದಲ್ಲಿ ಅವತಾರಕ್ಕೆ, ಅಂದರೆ ಅಲ್ಲಿ ನಮ್ಮ ಪರವಾಗಿ ಓಡಾಡುವ ಗೊಂಬೆಗೆ, ಉಡಿಸಿ ಮಾರುವ ಆಸೆ. ತ್ರೀಡಿ ಆಕಾರ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್‌ನ ಕೋರ್ಸಿಗೆ ದುಡ್ಡು ಕಟ್ಟಲಾ ಅಂತ ಕೇಳಿದ್ದೀರಿ. ಈಗಲೇ ಕಟ್ಟಬೇಡಿ. ಸೀರೆಯನ್ನೂ ಸದ್ಯಕ್ಕೆ ಮಡಚಿ ಇಡಿ. ಮೊದಲು ಕುಪ್ಪಸ ಮಾಡಿ.

ಯಾಕೆ ಅಂದರೆ, ಸೆಕೆಂಡ್ ಲೈಫ್ 2003ರಲ್ಲಿ ಶುರುವಾದಾಗ ಅಲ್ಲಿ ಬಟ್ಟೆ ಅನ್ನುವುದು ಬಹುಪಾಲು ಮೈಗೆ ಬಳಿದ ಬಣ್ಣವೇ ಆಗಿತ್ತು. ಅವತಾರದ ಮೈಯನ್ನು ತಲೆ, ಮೇಲ್ಭಾಗ, ಕೆಳಭಾಗ ಅಂತ ಮೂರು ಚಪ್ಪಟೆ ಚಿತ್ರಗಳಾಗಿ ಬಿಡಿಸಿಟ್ಟಿದ್ದಾರೆ. ಆ ಚಿತ್ರದ ಮೇಲೆ ಬರೆದದ್ದು ಮೈಮೇಲೆ ಕೂರುತ್ತದೆ. 2011ರಲ್ಲಿ ಮೆಶ್ ಬಂತು. ಹೊರಗೆ ಬ್ಲೆಂಡರ್ ಥರದ ಸಾಫ್ಟ್‌ವೇರ್‌ನಲ್ಲಿ ಮಾಡಿದ ಆಕಾರಗಳನ್ನು ಒಳಗೆ ತರಲು ಸಾಧ್ಯವಾಯಿತು. ಜನ ದೇಹವನ್ನೇ ಮೆಶ್‌ಗೆ ಬದಲಾಯಿಸಿಕೊಂಡರು. ಆಗ ಹಳೆ ಬಣ್ಣದ ಪದರಗಳು ಕೆಲಸಕ್ಕೆ ಬಾರದಂತಾದವು, ಏಕೆಂದರೆ ಮೆಶ್ ದೇಹದ ಮೇಲೆ ಅವು ನೇರವಾಗಿ ಕಾಣುತ್ತಿರಲಿಲ್ಲ. 2019ರಲ್ಲಿ ಬೇಕ್ಸ್ ಆನ್ ಮೆಶ್ ಅನ್ನುವ, ಮೆಶ್ ದೇಹದ ಮೇಲೂ ಹಳೆ ಪದರಗಳನ್ನು ತೋರಿಸುವ ಸೌಲಭ್ಯ ಬಂದ ಮೇಲೆ ಆ ಪದರಗಳಿಗೆ ಮತ್ತೆ ಜೀವ ಬಂತು. ಈಗ ಮೈಗಂಟಿದ ಬಟ್ಟೆ ಯಾವುದಿದ್ದರೂ ಬ್ಲೆಂಡರ್ ಮುಟ್ಟದೆ ಮಾಡಬಹುದು. ನಮ್ಮ ಕುಪ್ಪಸಕ್ಕಿಂತ ಮೈಗಂಟಿದ ಬಟ್ಟೆ ಬೇರೆ ಯಾವುದಿದೆ, ಹೇಳಿ?

ಇಳಕಲ್ ಸೀರೆಗೆ ಜೋಡಿ ಗುಳೇದಗುಡ್ಡದ ಖಣ. ಅದು ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಬಟ್ಟೆ. ಬುಟ್ಟಾ ಚಿಕ್ಕದು, ಒತ್ತೊತ್ತಾಗಿ ಸಾಲು ಹಿಡಿದು ಬರುತ್ತದೆ. ಒಂದು ಬುಟ್ಟಾದ ಸುತ್ತ ಸರಿಯಾಗಿ ಕತ್ತರಿಸಿಕೊಂಡರೆ ಉಳಿದದ್ದನ್ನು ಕಂಪ್ಯೂಟರೇ ನೇಯುತ್ತದೆ. ಖಣವನ್ನು ಸ್ಕ್ಯಾನರ್ ಮೇಲೆ ಚಪ್ಪಟೆಯಾಗಿ ಹಾಸಿ. ಸ್ಕ್ಯಾನರ್ ಇಲ್ಲದಿದ್ದರೆ ಬಿಸಿಲಿಲ್ಲದ ಕಡೆ, ಹಗಲು ಬೆಳಕಿನಲ್ಲಿ, ನೇರ ಮೇಲಿನಿಂದ ಫೋಟೋ ತೆಗೆಯಿರಿ. ಫ್ಲ್ಯಾಶ್ ಬೇಡ. ಖಣದ ಹೊಳಪು ಒಂದು ಕಡೆ ಬೆಳ್ಳಗೆ ಬಿದ್ದರೆ, ಅದೇ ಬಿಳಿ ಕಲೆ ಬುಟ್ಟಾ ಬುಟ್ಟಾಕ್ಕೂ ಬರುತ್ತದೆ. ಆಮೇಲೆ ಫೋಟೋಶಾಪ್‌ನ ಆಫ್‌ಸೆಟ್ ಫಿಲ್ಟರ್ ಹಾಕಿ ಅಂಚುಗಳು ಒಂದಕ್ಕೊಂದು ಸೇರುವಂತೆ ತಿದ್ದಿ. ಇದು ನಿಮಗೆ ಗೊತ್ತಿರುವ ಕೆಲಸವೇ. ಅಂದಹಾಗೆ, ಅಂಗಡಿಗಳ ವೆಬ್‌ಸೈಟಿನ ಫೋಟೋ ಎತ್ತಬೇಡಿ. ಅದು ಬೇರೆಯವರ ಸ್ವತ್ತು. ನಿಮ್ಮ ಮನೆಯಲ್ಲೇ ಅಸಲಿ ಬಟ್ಟೆ ಇರುವಾಗ ಅದರ ಅಗತ್ಯವೂ ಇಲ್ಲ.

ಅವತಾರದ ಮೇಲ್ಭಾಗದ ಟೆಂಪ್ಲೇಟ್ ಉಚಿತವಾಗಿ ಸಿಗುತ್ತದೆ. 1024 ಪಿಕ್ಸೆಲ್ ಚೌಕದಲ್ಲಿ ತೆರೆದುಕೊಳ್ಳಿ. ಕುಪ್ಪಸದ ಆಕಾರ ಬರೆದು, ಉಳಿದ ಜಾಗ ಪಾರದರ್ಶಕ ಬಿಡಿ. ಇಲ್ಲಿ ಎಲ್ಲರೂ ಮುಗ್ಗರಿಸುವ ಒಂದು ಜಾಗ ಇದೆ. ಪಾರದರ್ಶಕ ಜಾಗದ ಅಡಿಯಲ್ಲಿ ಬಿಳಿ ಬಣ್ಣ ಕೂತಿದ್ದರೆ ತೋಳಿನ ತುದಿಗೆ, ಕುತ್ತಿಗೆಯ ಸುತ್ತ ತೆಳ್ಳಗೆ ಬಿಳಿ ಗೆರೆ ಕಾಣುತ್ತದೆ. ಅದಕ್ಕೆ ಬಟ್ಟೆಯ ಬಣ್ಣವನ್ನೇ ಗಡಿಯಾಚೆಗೂ ಹರಡಿ, ಎಲ್ಲಿ ಕಾಣಬೇಕು ಎಲ್ಲಿ ಕಾಣಬಾರದು ಅನ್ನುವುದನ್ನು ಆಲ್ಫಾ ಚಾನೆಲ್‌ನಲ್ಲಿ ಹೇಳಿ.

ಇನ್ನೊಂದು ಮಾತು. ಬಳಿದ ಬಟ್ಟೆಗೆ ದಪ್ಪ ಇರುವುದಿಲ್ಲ. ದಪ್ಪ ಇದೆ ಅಂತ ಕಣ್ಣಿಗೆ ನಂಬಿಸಬೇಕು. ತೋಳಿನ ಅಂಚಿನ ಕೆಳಗೆ ಚರ್ಮದ ಮೇಲೆ ಬೀಳುವ ಸಣ್ಣ ನೆರಳು, ಕಂಕುಳ ಹತ್ತಿರದ ಸುಕ್ಕು, ಟಕ್ಸ್ ಹಿಡಿದ ಗೆರೆ, ಹುಕ್ಕಿನ ಪಟ್ಟಿ, ಇಷ್ಟನ್ನು ಬೇರೆ ಪದರದಲ್ಲಿ ಕೈಯಲ್ಲೇ ಬರೆಯಿರಿ. ಮಾರಾಟಕ್ಕಿರುವ ಅಗ್ಗದ ಕುಪ್ಪಸಗಳಲ್ಲಿ ಜಾಸ್ತಿ ಪಾಲು ಬಿದ್ದುಹೋಗುವುದು ಇಲ್ಲೇ. ಬಟ್ಟೆಯ ಚಿತ್ರ ಚೆನ್ನಾಗಿರುತ್ತದೆ, ಹೊಲಿಗೆಯೇ ಇರುವುದಿಲ್ಲ. ನೋಡಿದರೆ ಮೈಗೆ ಸ್ಟಿಕ್ಕರ್ ಅಂಟಿಸಿದ ಹಾಗೆ. ಹೊಲಿಗೆ ಗೊತ್ತಿರುವವರ ಕೈಯಿಂದ ಬಂದದ್ದು ತಕ್ಷಣ ಬೇರೆಯಾಗಿ ಕಾಣುತ್ತದೆ. ಮನೆಯಲ್ಲಿ ಯಾರಾದರೂ ಬ್ಲೌಸ್ ಹೊಲಿಯುವವರಿದ್ದರೆ ಅವರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂತು ನೋಡಿ. ಯಾವ ಕೋರ್ಸಿಗಿಂತ ಅದು ಮೇಲು.

ಸೆಕೆಂಡ್ ಲೈಫ್ ಒಳಗೆ ಹೋದ ಮೇಲೆ ಇನ್‌ವೆಂಟರಿಯಲ್ಲಿ, ಅಂದರೆ ನಿಮ್ಮ ವಸ್ತುಗಳ ಪಟ್ಟಿಯಲ್ಲಿ, ಹೊಸ ಶರ್ಟ್ ಒಂದನ್ನು ಮಾಡಿ, ತೊಟ್ಟು, ಎಡಿಟ್ ತೆರೆಯಿರಿ. ತೋಳಿನ ಉದ್ದ, ಕುತ್ತಿಗೆಯ ಇಳಿತಕ್ಕೆಲ್ಲ ಸ್ಲೈಡರ್‌ಗಳಿವೆ. ಅವನ್ನೆಲ್ಲ 100ಕ್ಕೆ ಒತ್ತಿಬಿಡಿ. ಆಕಾರವನ್ನು ನಿಮ್ಮ ಚಿತ್ರವೇ ತೀರ್ಮಾನಿಸಲಿ. ಚಿತ್ರ ಅಪ್‌ಲೋಡ್ ಮಾಡಲು 10 ಲಿಂಡನ್ ಡಾಲರ್ (ಸೆಕೆಂಡ್ ಲೈಫ್ ಒಳಗಿನ ದುಡ್ಡು) ಹೋಗುತ್ತದೆ. 2048 ಪಿಕ್ಸೆಲ್‌ನ ಚಿತ್ರಕ್ಕೂ ಈಗ ಅವಕಾಶ ಇದೆ, ಅದರ ದರ ಜಾಸ್ತಿ, ಕುಪ್ಪಸಕ್ಕೆ ಬೇಕಿಲ್ಲ. ಆದರೆ ಪ್ರತಿ ತಿದ್ದುಪಡಿಗೂ ಹತ್ತತ್ತು ಕಳೆಯಬೇಕಿಲ್ಲ. ಟೆಕ್ಸ್ಚರ್, ಅಂದರೆ ಮೇಲೆ ಹೊದಿಸುವ ಚಿತ್ರ, ಆರಿಸುವ ಕಿಟಕಿಯಲ್ಲಿ ಲೋಕಲ್ ಅನ್ನುವ ಆಯ್ಕೆ ಇದೆ. ಅದರಲ್ಲಿ ನಿಮ್ಮ ಕಂಪ್ಯೂಟರಿನ ಫೈಲನ್ನೇ ಕೊಟ್ಟರೆ, ಫೋಟೋಶಾಪ್‌ನಲ್ಲಿ ಸೇವ್ ಒತ್ತಿದ ಕೂಡಲೇ ಅವತಾರದ ಮೈಮೇಲೆ ಬದಲಾಗುತ್ತದೆ. ನಿಮಗೆ ಮಾತ್ರ ಕಾಣುತ್ತದೆ, ಖರ್ಚು ಸೊನ್ನೆ.

ಪರೀಕ್ಷೆಗೆ ಅಂತಲೇ ಬೇರೆ ಲೋಕವೂ ಇದೆ. ಅದರ ಹೆಸರು ಅದಿತಿ. ಜನ ಓಡಾಡುವ ಮುಖ್ಯ ಲೋಕದ ಹೆಸರು ಅಗ್ನಿ. ಸೆಕೆಂಡ್ ಲೈಫ್ ಮಾಡಿದ ಸ್ಯಾನ್ ಫ್ರಾನ್ಸಿಸ್ಕೋದ ಲಿಂಡನ್ ಲ್ಯಾಬ್‌ನವರೇ ಇಟ್ಟ ಹೆಸರುಗಳು, ತಮಾಷೆ ಅಲ್ವಾ? ಅದಿತಿಯಲ್ಲಿ ಅಪ್‌ಲೋಡ್ ಮಾಡಿದರೆ ನಿಜವಾದ ದುಡ್ಡು ಹೋಗುವುದಿಲ್ಲ. ಮುಂದೆ ಮೆಶ್‌ಗೆ ಇಳಿದಾಗ ಇದು ತುಂಬ ಉಪಯೋಗಕ್ಕೆ ಬರುತ್ತದೆ.

ಇದೇ ದಾರಿಯಲ್ಲಿ ಇನ್ನೂ ಏನೇನೋ ಮಾಡಬಹುದು. ಟ್ಯಾಟೂ ಪದರದಲ್ಲಿ ಹಣೆಗೆ ಕುಂಕುಮ, ಕೈಗೆ ಮೆಹಂದಿ, ಮುಂಗೈಗೆ ಹಚ್ಚೆ. ಹಚ್ಚೆಯನ್ನಂತೂ ಮಾಡಲೇಬೇಕು ಅನ್ನುತ್ತೇನೆ. ನಮ್ಮ ಕಡೆ ಹಳೆ ಹೆಂಗಸರ ಕೈಮೇಲಿದ್ದ ಆ ಚುಕ್ಕಿ, ಆ ಗೆರೆಗಳನ್ನು ಅಲ್ಲಿ ನಾನು ಎಲ್ಲೂ ನೋಡಿಲ್ಲ. ಕಪ್ಪು ಬಳಸಬೇಡಿ, ಹಳೆ ಹಚ್ಚೆ ಹಸಿರಿಗೆ ತಿರುಗಿರುತ್ತದೆ. ಅವತಾರದ ಮೈಬಣ್ಣವನ್ನೂ ಹಾಗೇ ನೋಡಿಕೊಳ್ಳಿ. ಗೋಧಿ ಬಣ್ಣ, ಎಣ್ಣೆಗೆಂಪು, ಕಪ್ಪು, ಮೂರರ ಮೇಲೂ ಕುಪ್ಪಸ ತೊಡಿಸಿ ನೋಡಿದ ಮೇಲೆಯೇ ಬಣ್ಣ ಗಟ್ಟಿ ಮಾಡಿ.

ಇನ್ನು ಸೀರೆ. ಅದಕ್ಕೆ ಮೆಶ್ ಬೇಕೇ ಬೇಕು. ಯಾಕೆ ಕಷ್ಟ ಅಂದರೆ, ಮೆಶ್ ಬಟ್ಟೆಯ ಪ್ರತಿ ಬಿಂದುವೂ ಅವತಾರದ ಒಂದಲ್ಲ ಒಂದು ಮೂಳೆಗೆ ಕಟ್ಟಿರುತ್ತದೆ. ಮೂಳೆ ಆಡಿದರೆ ಬಟ್ಟೆ ಆಡುತ್ತದೆ. ಗಾಳಿಗೆ ಹಾರುವ, ತನ್ನ ಭಾರಕ್ಕೆ ತಾನೇ ಇಳಿಬೀಳುವ ಬಟ್ಟೆ ಮೆಶ್‌ನಲ್ಲಿ ಇಲ್ಲ. ಪ್ಯಾಂಟು, ಅಂಗಿಗೆ ಇದು ಸಾಕು. ಸೀರೆಗೆ ಸಾಲದು. ನಿರಿಗೆ ಎರಡು ಕಾಲಿನ ನಡುವೆ ಇರುತ್ತದೆ, ಯಾವ ಕಾಲಿಗೆ ಕಟ್ಟುತ್ತೀರಿ? ಎರಡಕ್ಕೂ ಅರ್ಧರ್ಧ ಕಟ್ಟಿದರೆ ನಡೆಯುವಾಗ ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ. ಸೆರಗು ಎಡ ಹೆಗಲ ಮೇಲಿದೆ, ಕೈ ಎತ್ತಿ ನಮಸ್ಕಾರ ಮಾಡಿದರೆ ಬೆನ್ನ ಹಿಂದಿನ ಸೆರಗೂ ಮೇಲೆದ್ದು ನಿಲ್ಲುತ್ತದೆ. 2016ರಲ್ಲಿ ಬೆಂಟೋ ಅಂತ ಹೊಸ ಮೂಳೆಗಳನ್ನು ಕೊಟ್ಟರು. ಬೆರಳು, ಮುಖ, ರೆಕ್ಕೆ, ಬಾಲಕ್ಕೆ ಅಂತ ಇರುವ ಮೂಳೆಗಳು. ಬಾಲದ ಮೂಳೆಗೆ ಸೆರಗು ಕಟ್ಟಿ, ಅದಕ್ಕೊಂದು ಅನಿಮೇಷನ್ ಕೊಟ್ಟು ಆಡಿಸಬಹುದು. ಕೇಳಲು ವಿಚಿತ್ರ, ಆದರೆ ದಾರಿ ಅದೇ. ಬ್ಲೆಂಡರ್ ಕೋರ್ಸಿನಲ್ಲಿ ಸಾಮಾನ್ಯವಾಗಿ ಕಲಿಸುವುದು ಆಕಾರ ಮಾಡುವುದನ್ನು. ನಿಮಗೆ ಬೇಕಾಗಿರುವುದು ಈ ಮೂಳೆ ಕಟ್ಟುವ ಕೆಲಸ, ಅಂದರೆ ರಿಗ್ಗಿಂಗ್. ದುಡ್ಡು ಕಟ್ಟುವ ಮೊದಲು ಅದನ್ನೇ ಕೇಳಿ.

ಅಲ್ಲಿಯವರೆಗೆ ಫುಲ್ ಪರ್ಮ್ ಟೆಂಪ್ಲೇಟ್, ಅಂದರೆ ನಕಲಿಸಲು, ತಿದ್ದಲು, ದಾಟಿಸಲು ಪೂರ್ತಿ ಅನುಮತಿ ಇರುವ ಟೆಂಪ್ಲೇಟ್, ಕೊಳ್ಳಬಹುದು. ಬೇರೆಯವರು ಆಕಾರ ಮಾಡಿ, ಮೂಳೆ ಕಟ್ಟಿ ಮಾರುತ್ತಾರೆ. ನೀವು ಬಟ್ಟೆ ಹಾಕಿ ನಿಮ್ಮ ಹೆಸರಿನಲ್ಲಿ ಮಾರಬಹುದು. ಜೊತೆಗೆ ಬರುವ ಷರತ್ತಿನ ಚೀಟಿ ಓದದೆ ಕೊಳ್ಳಬೇಡಿ. ಹೆಚ್ಚಿನವರು ಅದನ್ನು ಫುಲ್ ಪರ್ಮ್ ಆಗಿಯೇ ಮರುಮಾರಾಟ ಮಾಡಲು ಬಿಡುವುದಿಲ್ಲ. ಯಾವ ಯಾವ ಮೆಶ್ ದೇಹಕ್ಕೆ ಹೊಂದುತ್ತದೆ ಅನ್ನುವುದನ್ನೂ ನೋಡಿ, ಒಂದು ದೇಹಕ್ಕೆ ಮಾಡಿದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಇಳಕಲ್‌ಗೆ ಬೇಕಾದ ಮುಖ್ಯ ಗುಣ ಒಂದಿದೆ: ಒಡಲು, ದಡಿ, ಸೆರಗು ಬೇರೆ ಬೇರೆ ಫೇಸ್ (ತನ್ನದೇ ಚಿತ್ರ ಹಾಕಬಹುದಾದ ಭಾಗ) ಆಗಿರಬೇಕು. ಒಂದು ಮೆಶ್‌ಗೆ ಎಂಟು ಫೇಸ್‌ವರೆಗೆ ಇರಬಹುದು. ಹಾಗಿದ್ದರೆ ಒಡಲಿನ ಚೌಕಳಿಯನ್ನು ಸಣ್ಣ ಚಿತ್ರವೊಂದರಿಂದ ಪುನರಾವರ್ತಿಸಿ, ಗೋಮಿ ದಡಿಯನ್ನು ಉದ್ದಕ್ಕೆ ಓಡಿಸಿ, ಟೋಪ್ ತೆನಿ (ಕೆಂಪಿನ ಮೇಲೆ ಬಿಳಿ ತೆನೆಯ ವಿನ್ಯಾಸ) ಸೆರಗಿಗೆ ಮಾತ್ರ ಪೂರ್ತಿ ಚಿತ್ರ ಕೊಡಬಹುದು. ಎಲ್ಲ ಒಂದೇ ಫೇಸ್ ಆಗಿದ್ದರೆ ತೆನೆಯ ಬಿಳಿ ಕುಚ್ಚುಗಳೆಲ್ಲ ಕಲಸಿಹೋಗುತ್ತವೆ. ಕಲಸಿಹೋದ ತೆನೆ ಹಾಕಿ ಅದನ್ನು ಇಳಕಲ್ ಅಂತ ಕರೆಯುವುದು ಸರಿಯಲ್ಲ.

ಇನ್ನು ದುಡ್ಡಿನ ವಿಷಯ. ಒಂದು ಅಮೆರಿಕನ್ ಡಾಲರಿಗೆ ಸುಮಾರು 250 ಲಿಂಡನ್ ಡಾಲರ್. ಕುಪ್ಪಸಕ್ಕೆ 100 ಇಟ್ಟರೆ ಒಂದು ಮಾರಾಟಕ್ಕೆ ಅರ್ಧ ಡಾಲರೂ ಇಲ್ಲ. ಅವರ ಮಾರ್ಕೆಟ್‌ಪ್ಲೇಸ್‌ನಲ್ಲಿ ಮಾರಿದರೆ ಶೇ. 10 ಕಮಿಷನ್ ಕಳೆಯಿತು. ದುಡ್ಡನ್ನು ಹೊರಗೆ ತೆಗೆಯುವಾಗ ಗುರುತಿನ ದಾಖಲೆ ಕೊಡಬೇಕು, ಶುಲ್ಕವೂ ಇದೆ. 2006ರಲ್ಲಿ ಬಿಸಿನೆಸ್‌ವೀಕ್ ಮುಖಪುಟದಲ್ಲಿ ಬಂದ ಆನ್ಶೆ ಚಂಗ್ ಹೆಸರು ಹೇಳಿ ಆಸೆ ಹುಟ್ಟಿಸುವವರು ಇದ್ದಾರೆ. ಆಕೆ ದೊಡ್ಡ ದುಡ್ಡು ಮಾಡಿದ್ದು ಅಲ್ಲಿನ ಜಮೀನು ವ್ಯವಹಾರದಲ್ಲಿ, ಬಟ್ಟೆಯಲ್ಲಿ ಅಲ್ಲ. ನನ್ನ ಅಂಗಡಿ ಅದರದೇ ಖರ್ಚು ಹೊರುತ್ತದೆ, ಅಷ್ಟೇ. ಕೆಲಸ ಬಿಟ್ಟು ಮಾಡುವ ವ್ಯಾಪಾರ ಅಲ್ಲ ಇದು. ಆದರೆ ಸೀರೆ ಹುಡುಕುವವರು ಅಲ್ಲಿ ಇದ್ದಾರೆ, ಅವರಿಗೆ ಸಿಗುವುದು ಬರೀ ಸಿನಿಮಾ ಮಾದರಿಯ ಥಳಥಳ ಸೀರೆ.

ಮಾರುವಾಗ ಕಾಪಿ, ಮಾಡಿಫೈ, ಟ್ರಾನ್ಸ್‌ಫರ್ ಅಂತ ಮೂರು ಅನುಮತಿ ಕೇಳುತ್ತದೆ. ಮೊದಲನೆಯದು ಕೊಡಿ, ಕೊನೆಯದು ಬೇಡ. ಎರಡೂ ಕೊಟ್ಟರೆ ಕೊಂಡವರು ಊರಿಗೆಲ್ಲ ಹಂಚಬಹುದು. ಮಾಡಿಫೈ ನಿಮ್ಮಿಷ್ಟ, ನಾನು ಕೊಡುತ್ತೇನೆ. ಉಚಿತ ಡೆಮೊ ಒಂದನ್ನು ಜೊತೆಗಿಡಿ, ತೊಟ್ಟು ನೋಡದೆ ಯಾರೂ ಕೊಳ್ಳುವುದಿಲ್ಲ.

ಕುಪ್ಪಸ ಒಂದು ಹಂತಕ್ಕೆ ಬಂದ ಮೇಲೆ ಎದೆ, ಬೆನ್ನು ಸೇರುವ ಪಕ್ಕದ ಗೆರೆಯಲ್ಲಿ ಬುಟ್ಟಾ ಹೊಂದುವುದಿಲ್ಲ. ಅದು ಎಲ್ಲರಿಗೂ ಕಾಡುವ ಜಾಗ. ನಿಮ್ಮ ಟೆಂಪ್ಲೇಟಿನ ಚಿತ್ರ ಮತ್ತು ಅವತಾರವನ್ನು ಪಕ್ಕದಿಂದ ತೆಗೆದ ಚಿತ್ರ, ಎರಡನ್ನೂ ಕೆಳಗೆ ಹಾಕಿ. ಎಲ್ಲಿ ಎಷ್ಟು ಸರಿಸಬೇಕು ಅಂತ ನೋಡಿ ಹೇಳುತ್ತೇನೆ.