ಗ್ರೇಡ್ ಇಳಿಸಿದ್ರೆ ಅದು ಡಿಮೋಷನ್ ಅಲ್ವಾ?

ಪ್ರಶ್ನೆ: ಕಂಪನಿಲಿ ಎಲ್ಲಾ ಡಿಪಾರ್ಟ್‌ಮೆಂಟ್ ಕಲಸಿ ಹೊಸದಾಗಿ ಜೋಡಿಸಿದಾರೆ, ನಾನು 6ನೇ ಗ್ರೇಡಲ್ಲಿ ಟೀಂ ಲೀಡ್ ಆಗಿದ್ದೆ, ಈಗ 5ನೇ ಗ್ರೇಡು, ಟೀಮೂ ಇಲ್ಲ. ಎಚ್‌ಆರ್‌ನೋರು 'ಇದು ಡಿಮೋಷನ್ ಅಲ್ಲ, ರೀಕ್ಲಾಸಿಫಿಕೇಷನ್ ಅಷ್ಟೇ, ಸಂಬಳ ಹಾಗೇ ಇರುತ್ತೆ' ಅಂತಾರೆ. ಅಗ್ರಿಮೆಂಟಲ್ಲಿ 'ಅಗತ್ಯ ಬಿದ್ದಾಗ ಕೆಲಸ ಬದಲಿಸುವ ಹಕ್ಕು ಸಂಸ್ಥೆಗಿದೆ' ಅಂತ ಒಂದು ಸಾಲಿದೆ. ಲೆಟರ್‌ಗೆ ಸಹಿ ಹಾಕ್ಲಾ?

ಉತ್ತರ: ಇವತ್ತೇ ಹಾಕ್ಬೇಡಿ. ಅವರು ಏನಂತ ಹೆಸರಿಟ್ರೂ ಅಷ್ಟೇ, ನಿಮ್ಮ ಕೈಕೆಳಗೆ ಇದ್ದ ಜನ ಹೋದ್ರು, ತೀರ್ಮಾನ ತಗೊಳೋ ಅಧಿಕಾರ ಹೋಯ್ತು, ಗ್ರೇಡೂ ಇಳೀತು ಅಂದ್ಮೇಲೆ ಅದು ಹಿಂಬಡ್ತಿನೇ ಅನ್ನೋ ವಾದಕ್ಕೆ ಸಾಕಷ್ಟು ಬಲ ಇದೆ. ರೀಕ್ಲಾಸಿಫಿಕೇಷನ್ ಅಂದ್ರೆ ಹುದ್ದೆನ ಮತ್ತೆ ತೂಗಿ ನೋಡೋದು. ಕೌಶಲ, ಶ್ರಮ, ಜವಾಬ್ದಾರಿ, ಕೆಲಸದ ಪರಿಸ್ಥಿತಿ ಈ ನಾಲ್ಕನ್ನ ಇಟ್ಕೊಂಡು ಅಂಕ ಹಾಕೋದು ಸಾಮಾನ್ಯ ಪದ್ಧತಿ. ತೂಗಬೇಕಾಗಿರೋದು ಹುದ್ದೆನ, ಅದರಲ್ಲಿ ಕೂತಿರೋ ಮನುಷ್ಯನ್ನಲ್ಲ! ಹಾಗಾಗಿ ಹಳೇ ಜಾಬ್ ಡಿಸ್ಕ್ರಿಪ್ಷನ್, ಹೊಸದು, ಅಂಕ ಹಾಕಿದ ಶೀಟು ಮೂರನ್ನೂ ಬರವಣಿಗೆಲಿ ಕೇಳಿ. ಅದೇ ಕೆಲಸ ಬೇರೆ ಯಾರೋ 6ನೇ ಗ್ರೇಡಲ್ಲೇ ಕೂತು ಮಾಡ್ತಿದ್ರೆ ಎಚ್‌ಆರ್‌ನೋರ ಕಥೆ ಅಲ್ಲೇ ಬಿದ್ದೋಗುತ್ತೆ.

ಸಂಬಳ ಹಾಗೇ ಇರುತ್ತೆ ಅನ್ನೋ ಮಾತಲ್ಲೇ ಜನ ಮೋಸ ಹೋಗೋದು. ಎಷ್ಟು ದಿನ ಇರುತ್ತೆ? ಇಂಥದ್ದಕ್ಕೆ ರೆಡ್ ಸರ್ಕಲ್ ಅಂತಾರೆ, ಅಂದ್ರೆ ಈಗಿನ ಸಂಬಳ ಅಲ್ಲಿಗೇ ನಿಲ್ಲುತ್ತೆ, ಕೆಳಗಿನ ಗ್ರೇಡಿನ ಗರಿಷ್ಠ ಮಿತಿ ನಿಮ್ಮನ್ನ ಮುಟ್ಟೋವರೆಗೂ ಇನ್‌ಕ್ರಿಮೆಂಟ್ ಸಿಗದೇ ಇರಬಹುದು, ಬೋನಸ್ಸು, ನೋಟಿಸ್ ಅವಧಿ ಇವೆಲ್ಲ ಗ್ರೇಡಿಗೆ ಕಟ್ಟಿದ್ರೆ ಅವೂ ಸದ್ದಿಲ್ಲದೆ ಇಳಿಯುತ್ತೆ, ಸೀನಿಯಾರಿಟಿ ಸೊನ್ನೆಯಿಂದ ಶುರುವಾಗುತ್ತಾ ಅಂತಾನೂ ಕೇಳಿ.

ಇನ್ನು ಆ ಒಂದು ಸಾಲು. ಕೆಲಸ ಬದಲಿಸೋ ಹಕ್ಕು ಅಂದ್ರೆ ಸಾಮಾನ್ಯವಾಗಿ ಅದೇ ಮಟ್ಟದ ಬೇರೆ ಕೆಲಸ ಕೊಡಬಹುದು ಅಂತ, ಮಟ್ಟನೇ ಇಳಿಸಬಹುದು ಅಂತಲ್ಲ. ಆದ್ರೆ ಎಷ್ಟೋ ದೇಶಗಳಲ್ಲಿ ಸುಮ್ನೆ ಹೋಗಿ ಹೊಸ ಕೆಲಸ ಮಾಡ್ತಾ ಇದ್ರೆ ಒಪ್ಪಿದಾರೆ ಅಂತಾನೇ ಲೆಕ್ಕ ಹಾಕೋ ಸಾಧ್ಯತೆ ಇದೆ. ಅದಕ್ಕೇ 'ಬದಲಾವಣೆಗೆ ನನ್ನ ಒಪ್ಪಿಗೆ ಇಲ್ಲ, ಆಕ್ಷೇಪ ಉಳಿಸಿಕೊಂಡು ಕೆಲಸ ಮುಂದುವರಿಸುತ್ತೇನೆ' ಅಂತ ಎರಡು ಸಾಲಿನ ಈಮೇಲ್ ಹಾಕಿ. ಸಿಟ್ಟಲ್ಲಿ ರಾಜೀನಾಮೆ ಮಾತ್ರ ಎಸೀಬೇಡಿ, ನಾನು ಹೊರಗೆ ಹೋಗೋ ಹಾಗೆ ಮಾಲೀಕರೇ ಮಾಡಿದ್ರು ಅಂತ ಆಮೇಲೆ ಸಾಬೀತು ಮಾಡೋದು ಬಲು ಕಷ್ಟ. ಯೂನಿಯನ್ ಇದ್ರೆ ಮೊದಲು ಅಲ್ಲಿಗೆ ಹೋಗಿ, ಯೂನಿಯನ್ನೂ ಕಂಪನಿನೂ ಮಾಡ್ಕೊಂಡಿರೋ ಸಾಮೂಹಿಕ ಒಪ್ಪಂದದಲ್ಲಿ ದೂರು ಕೊಡೋಕೆ ಗಡುವು ಇರುತ್ತೆ, ಅದು ಎಷ್ಟೋ ಸಲ ತುಂಬಾ ಚಿಕ್ಕದು.

ಪ್ರಶ್ನೆ: ಸೂಪರ್‌ವೈಸರ್ ಮಾಡಿ ಮೂರು ತಿಂಗಳಿಗೇ ಹಳೇ ಕೆಲಸಕ್ಕೆ ವಾಪಸ್ ಕಳಿಸಿದ್ರು. ಇದೂ ಡಿಮೋಷನ್ನಾ?

ಉತ್ತರ: ಬಡ್ತಿ ಪತ್ರ ತೆಗೆದು ನೋಡಿ. ಟ್ರಯಲ್ ಅಥವಾ ತಾತ್ಕಾಲಿಕ ಅಂತ ಇದ್ರೆ ಸಾಮಾನ್ಯವಾಗಿ ಅಲ್ಲ, ಹಳೇ ಗ್ರೇಡು, ಹಳೇ ಸೀನಿಯಾರಿಟಿ ಪೂರ್ತಿ ವಾಪಸ್ ಬಂತಾ ಅಷ್ಟು ಚೆಕ್ ಮಾಡ್ಕೊಳಿ. ಕನ್‌ಫರ್ಮ್ ಆದ್ಮೇಲೆ ಇಳಿಸಿದ್ರೆ ಅವರು ಕಾರಣ ಕೊಡಬೇಕು ಅಂತ ಪಟ್ಟು ಹಿಡೀರಿ, ತಪ್ಪು ಮಾಡಿದೀರಿ ಅಂದ್ರೆ ಆ ತಪ್ಪೇನು ಅಂತ ಬರೆದು ಕೊಡಲಿ, ನಿಮ್ಮ ಮಾತೂ ಕೇಳಲಿ.